ಕಣ್ಣಿಗೆ ಬಿದ್ದರೂ ಗುರುತು ಸಿಗದ ಡಿಸ್ಕ್

ಕಳೆದ ಆಷಾಢದ ಒಂದು ರಾತ್ರಿ ಹತ್ತೂವರೆಯ ಹೊತ್ತಿಗೆ ಗುಬ್ಬಿಯಿಂದ ನನ್ನ ವಾಟ್ಸ್‌ಆ್ಯಪ್‌ಗೆ ಒಂದು ಫೋಟೊ ಬಂತು. ಕಪ್ಪು ಪರದೆ, ಬಿಳಿ ಅಕ್ಷರ, ನಡುವೆ ಟ್ಯೂಬ್‌ಲೈಟಿನ ಅಡ್ಡ ಗೀರು. ಓದಲು ಸಿಕ್ಕಿದ್ದು ಕೊನೆಯ ಸಾಲು ಮಾತ್ರ: ‘ಕರ್ನಲ್ ಪ್ಯಾನಿಕ್ - ನಾಟ್ ಸಿಂಕಿಂಗ್: ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)’. ಅದರ ಕೆಳಗೆ ಹುಡುಗನ ಮೆಸೇಜು: ‘ಸಾರ್, ಡಿಸ್ಕೇ ಹೋಯ್ತು ಅನ್ಸುತ್ತೆ.’

ಡಿಸ್ಕ್ ಹೋಗಿರಲಿಲ್ಲ. ಅದೇ ಲ್ಯಾಪ್‌ಟಾಪಿನಲ್ಲಿ ಅರ್ಧ ಗಂಟೆ ಹಿಂದೆ ಅವನು ಸಿನಿಮಾ ನೋಡಿದ್ದ. ಇಪ್ಪತ್ತು ವರ್ಷಕ್ಕೂ ಮೇಲೆ ತುಮಕೂರಿನಲ್ಲಿ ಕಂಪ್ಯೂಟರ್ ಬಿಚ್ಚಿ ಜೋಡಿಸುವವರ ನಡುವೆಯೇ ಇರುವ ನನಗೆ ಈ ಸಾಲು ಹಳೆಯ ನೆಂಟನಿದ್ದ ಹಾಗೆ. ಬಂದಾಗಲೆಲ್ಲ ಅದೇ ದೂರು ಹೇಳುತ್ತದೆ, ಕಾರಣ ಮಾತ್ರ ಪ್ರತಿ ಸಲ ಬೇರೆ.

ಹುಡುಗ ಎಂಜಿನಿಯರಿಂಗ್ ಕೊನೆಯ ವರ್ಷದವನು. ಪ್ರಾಜೆಕ್ಟಿಗೆ ಒಂದು ಮೋಟಾರನ್ನು ಹೊತ್ತಿಗೆ ಸರಿಯಾಗಿ, ಒಂದು ಮಿಲಿಸೆಕೆಂಡೂ ತಪ್ಪದಂತೆ ನಿಯಂತ್ರಿಸಬೇಕಿತ್ತು. ಮಾಮೂಲಿ ಲಿನಕ್ಸ್ ಇಂಥ ಕೆಲಸದಲ್ಲಿ ಆಗೊಮ್ಮೆ ಈಗೊಮ್ಮೆ ಮೈಮರೆಯುತ್ತದೆ. ಅದಕ್ಕೆ ಮದ್ದಾದ ರಿಯಲ್‌ಟೈಮ್ ಜೋಡಣೆ ಸುಮಾರು ಇಪ್ಪತ್ತು ವರ್ಷ ಹೊರಗೇ ಇದ್ದು, 2024ರ ನವೆಂಬರಿನಲ್ಲಿ ಬಿಡುಗಡೆಯಾದ 6.12 ಆವೃತ್ತಿಯಲ್ಲಿ ಲಿನಕ್ಸ್‌ನ ತಿರುಳಾದ ಮುಖ್ಯ ಕರ್ನಲ್‌ನೊಳಕ್ಕೆ ಬಂತು. ಸರಿ, 6.12ರ ಮೂಲ ಕೋಡ್ ಇಳಿಸಿಕೊಂಡು, ತನಗೆ ಬೇಕಾದಷ್ಟೇ ಇರುವ ಪುಟ್ಟ ಕರ್ನಲ್ ಒಂದನ್ನು ತಾನೇ ಕಟ್ಟುತ್ತೇನೆಂದು ಹೊರಟಿದ್ದ. ಸಾವಿರಾರು ಪ್ರಶ್ನೆಗಳ ಆ ಉದ್ದದ ಮೆನುವನ್ನು ಹೇಗಪ್ಪ ದಾಟಿದೆ ಎಂದರೆ, ‘ಗೊತ್ತಿಲ್ಲದ್ದಕ್ಕೆಲ್ಲ ಎನ್ ಕೊಟ್ಟೆ ಸಾರ್’ ಎಂದ.

ಮೆಚ್ಚಬೇಕಾದ ಧೈರ್ಯ. ಆಪರೇಟಿಂಗ್ ಸಿಸ್ಟಮ್ ಎಂಬ ವಿಷಯವನ್ನು ನಮ್ಮ ಕಾಲೇಜುಗಳಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಓದಿಸುತ್ತಾರೆ, ಲ್ಯಾಬಿನಲ್ಲಿ ಬ್ಯಾಂಕರ್ಸ್ ಅಲ್ಗಾರಿದಮ್ ಬರೆಸುತ್ತಾರೆ, ವೈವಾದಲ್ಲಿ ಡೆಡ್‌ಲಾಕಿನ ನಾಲ್ಕು ಷರತ್ತು ಕೇಳುತ್ತಾರೆ. ಒಂದು ಕರ್ನಲನ್ನು ಕೈಯಾರೆ ಕಟ್ಟಿ, ಅದು ಏಳದೆ ಬಿದ್ದದ್ದನ್ನು ನೋಡಿದವರು ತರಗತಿಗೆ ಒಬ್ಬರೋ ಇಬ್ಬರೋ.

ಈ ಫೋಟೊ ನೋಡಿದವರಿಗೆಲ್ಲ ಮೊದಲು ಹೊಳೆಯುವ ಪ್ರಶ್ನೆ ಒಂದಿದೆ, ಹೊಳೆಯಲೂ ಬೇಕು. ಡಿಸ್ಕೇ ಕಾಣುತ್ತಿಲ್ಲ ಎಂದಾದರೆ, ಡಿಸ್ಕಿನೊಳಗಿದ್ದ ಈ ಕರ್ನಲ್ ಎದ್ದು ಬಂದು ಗೋಳಾಡುತ್ತಿರುವುದಾದರೂ ಹೇಗೆ? ಉತ್ತರ ಸರಳ. ಕರ್ನಲ್ ತಾನಾಗಿ ಬಂದದ್ದಲ್ಲ, ಹೊತ್ತು ತಂದದ್ದು. ಮದರ್‌ಬೋರ್ಡಿನ ಫರ್ಮ್‌ವೇರ್, ಹಿಂದಿನ ಬಯೋಸ್, ಈಗಿನ ಯುಇಎಫ್‌ಐ, ತನಗೆ ತಿಳಿದ ದಾರಿಯಲ್ಲಿ ಡಿಸ್ಕನ್ನು ಓದಿ, ಬೂಟ್‌ಲೋಡರ್ ಕೈಯಲ್ಲಿ ಕರ್ನಲನ್ನು ಮೆಮೊರಿಗೆ ತಂದು ಇಳಿಸುತ್ತದೆ. ಇಳಿಸಿದ ಮೇಲೆ ಅದರ ಕೆಲಸ ಮುಗಿಯಿತು. ರಾತ್ರಿ ಬಸ್ಸು ಊರ ಹೊರಗಿನ ಗೇಟಿನಲ್ಲಿ ಇಳಿಸಿ ಹೋದಂತೆ. ಅಲ್ಲಿಂದ ಮನೆಯ ದಾರಿ ಹುಡುಕುವುದು ಇಳಿದವನ ಪಾಡು. ಡಿಸ್ಕನ್ನು ಮತ್ತೆ ಮುಟ್ಟಬೇಕಾದರೆ ಕರ್ನಲ್‌ಗೆ ಅದರದೇ ಡ್ರೈವರ್ ಬೇಕು. ಡಿಸ್ಕಿನ ಡ್ರೈವರ್ ಸಾಲದು, ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ನಿಂತ ಅಡಾಪ್ಟರ್‌ನ ಡ್ರೈವರ್ ಬೇಕು. ಆ ನಡುವಿನವನನ್ನು ಎಲ್ಲರೂ ಮರೆಯುತ್ತಾರೆ.

ನಾನೂ ಮರೆತಿದ್ದೆ. 2002. ಶಿರಾ ಗೇಟ್ ಬಳಿಯ ಬಾಡಿಗೆ ರೂಮಿನಲ್ಲಿ ನಾವು ನಾಲ್ವರು ಸೇರಿ ಒಂದು ಗುಜರಿ ಸರ್ವರ್ ಇಟ್ಟುಕೊಂಡಿದ್ದೆವು. ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗಿ, ಚೌಕಾಸಿ ಮಾಡಿ ಒಂದು ಅಡಾಪ್ಟೆಕ್ 2940 ಅಡಾಪ್ಟರ್ ಕಾರ್ಡು, ಅದಕ್ಕೆ ಜೋಡಿಸುವ ಸ್ಕಸಿ ಎಂಬ ಬಗೆಯ ಒಂದು 9 ಜಿಬಿ ಡಿಸ್ಕು ತಂದಿದ್ದೆವು. ಆಗ ಇಂಟರ್‌ನೆಟ್ ಎಂದರೆ ಗಂಟೆ ಲೆಕ್ಕದ ಸೈಬರ್ ಕೆಫೆ. ರೆಡ್‌ಹ್ಯಾಟ್ ಲಿನಕ್ಸ್ ಬಂದದ್ದು ಕಂಪ್ಯೂಟರ್ ಪತ್ರಿಕೆಯ ಜೊತೆ ಅಂಟಿಸಿ ಕೊಡುತ್ತಿದ್ದ ಸಿಡಿಯಲ್ಲಿ. ಸಿಡಿಯ ಕರ್ನಲ್ ಸಲೀಸಾಗಿ ಓಡುತ್ತಿತ್ತು. ಓಡುತ್ತಿದ್ದುದನ್ನು ಓಡಲು ಬಿಡುವ ವಯಸ್ಸಲ್ಲವಲ್ಲ. ನಮ್ಮದೇ 2.4 ಕರ್ನಲ್ ಕಟ್ಟಲು ಕೂತೆವು. ಮೇಕ್ ಮೆನುಕಾನ್ಫಿಗ್, ಮೇಕ್ ಡೆಪ್, ಮೇಕ್ ಬಿಝಡ್‌ಇಮೇಜ್; ನಡುವೆ ಕರೆಂಟು ಹೋಗುವುದು; ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದರೂ ಮುಗಿದಿರದ ಕಂಪೈಲು. ಕೊನೆಗೆ ಬೂಟ್ ಮಾಡಿದರೆ ಪ್ಯಾನಿಕ್. ಆ ಸಾಲಿನ ಕೊನೆಯಲ್ಲಿ 08:05 ಎಂದಿತ್ತು.

ಎರಡು ದಿನ ನಾವು ಕಾರ್ಡನ್ನು ಕಿತ್ತು ಹಾಕಿದೆವು, ಕೇಬಲ್ ತಿರುಗಿಸಿದೆವು, ಸರಣಿಯ ತುದಿಯ ಟರ್ಮಿನೇಟರ್ ಬದಲಿಸಿದೆವು, ಎಸ್‌.ಪಿ. ರೋಡಿನ ಅಂಗಡಿಯವನಿಗೆ ಶಾಪ ಹಾಕಿದೆವು. ಪಾಪ, ಅವನದೇನೂ ತಪ್ಪಿರಲಿಲ್ಲ. ಬೂಟ್ ಆಗುವಾಗ ಕಾರ್ಡಿನ ಸ್ವಂತ ಬಯೋಸ್ ಡಿಸ್ಕಿನ ಹೆಸರನ್ನು ಪರದೆ ಮೇಲೆ ಬರೆದೇ ತೋರಿಸುತ್ತಿತ್ತು. ಅಂದರೆ ಕಾರ್ಡು, ಕೇಬಲ್, ಡಿಸ್ಕು ಮೂರೂ ಸರಿಯಿದ್ದವು. ಕಣ್ಣೆದುರೇ ಇದ್ದ ಆ ಸಾಕ್ಷಿಯನ್ನು ಯಾರೂ ಓದಲಿಲ್ಲ.

ತಪ್ಪು ಒಂದೇ ಒಂದು ಅಕ್ಷರದಲ್ಲಿತ್ತು. ಮೆನುವಿನಲ್ಲಿ ಸ್ಕಸಿ ಬೆಂಬಲ ಎಂಬುದು ಒಂದು ಪ್ರಶ್ನೆ, ಸ್ಕಸಿ ಡಿಸ್ಕ್ ಇನ್ನೊಂದು, ಯಾವ ಅಡಾಪ್ಟರ್ ಎಂಬುದು ಮೂರನೆಯದು. ಮೊದಲ ಎರಡಕ್ಕೆ ನಾವು ‘ವೈ’ ಕೊಟ್ಟಿದ್ದೆವು, ಅಂದರೆ ಕರ್ನಲ್‌ನ ಒಡಲಿನಲ್ಲೇ ಸೇರಿಸು ಎಂದು. ಮೂರನೆಯದಕ್ಕೆ ‘ಎಮ್’ ಕೊಟ್ಟಿದ್ದೆವು, ಅಂದರೆ ಮಾಡ್ಯೂಲ್ ಮಾಡಿ ಹೊರಗಿಡು, ಬೇಕಾದಾಗ ಕರೆದುಕೊಳ್ಳುತ್ತೇನೆ ಎಂದು. ಆ ಮಾಡ್ಯೂಲ್ ಕೂತದ್ದು ಎಲ್ಲಿ? ಅದೇ ಸ್ಕಸಿ ಡಿಸ್ಕಿನ ಮೇಲೆ. ಬೀರುವಿನ ಕೀಲಿಕೈಯನ್ನು ಬೀರುವಿನಲ್ಲೇ ಇಟ್ಟು ಬಾಗಿಲು ಎಳೆದುಕೊಂಡಿದ್ದೆವು.

08:05ರ ಅರ್ಥ ನನಗೆ ತಿಳಿದದ್ದು ಬಹಳ ದಿನದ ಮೇಲೆ. 8 ಎಂಬುದು ಲಿನಕ್ಸ್‌ನಲ್ಲಿ ಸ್ಕಸಿ ಡಿಸ್ಕುಗಳ ಮನೆತನದ ಸಂಖ್ಯೆ, 5 ಎಂಬುದು ಮೊದಲ ಡಿಸ್ಕಿನ ಐದನೆಯ ಭಾಗ. ಆ ಕಾಲದ ಕರ್ನಲ್ ‘ಎಸ್‌ಡಿಎ5’ ಎಂಬ ಹೆಸರನ್ನು ಒಂದು ಪಟ್ಟಿ ನೋಡಿ ಸಂಖ್ಯೆಗೆ ತಿರುಗಿಸಿಬಿಡುತ್ತಿತ್ತು, ಅಂಥ ಡಿಸ್ಕು ನಿಜಕ್ಕೂ ಇದೆಯೇ ಎಂದು ನೋಡುತ್ತಲೇ ಇರಲಿಲ್ಲ. ಈಗಿನ ಕರ್ನಲ್ ಹಾಗಲ್ಲ. ತಾನು ಕಂಡ ಡಿಸ್ಕುಗಳಲ್ಲಿ ಆ ಹೆಸರಿನದು ಇದ್ದರೆ ಅದರ ಸಂಖ್ಯೆ ಹೇಳುತ್ತದೆ, ಇಲ್ಲದಿದ್ದರೆ (0,0) ಎಂದು ಕೈ ಚೆಲ್ಲುತ್ತದೆ. ಗುಬ್ಬಿಯ ಫೋಟೊದಲ್ಲಿದ್ದ ಆ ಎರಡು ಸೊನ್ನೆಗಳು ಇಷ್ಟನ್ನು ಹೇಳುತ್ತಿದ್ದವು: ನೀನು ಹೇಳಿದ ಹೆಸರಿನ ಯಾರೂ ನನ್ನ ಪಟ್ಟಿಯಲ್ಲಿಲ್ಲ. ಸೊನ್ನೆಯ ಬದಲು ಅಲ್ಲಿ 8 ಅಥವಾ 259ರಂಥ ಮನೆತನದ ಸಂಖ್ಯೆ ಇದ್ದಿದ್ದರೆ ಕಥೆಯೇ ಬೇರೆ. ಡಿಸ್ಕು ಸಿಕ್ಕಿದೆ, ಅದರ ಮೇಲಿನ ಫೈಲ್‌ಸಿಸ್ಟಮ್ ಓದಲು ಬರುತ್ತಿಲ್ಲ ಎಂದರ್ಥ. ಒಂದೇ ಪ್ಯಾನಿಕ್ ಸಾಲು, ಕಂಸದೊಳಗಿನ ಎರಡು ಅಂಕಿಗಳಲ್ಲಿ ಎರಡು ಬೇರೆ ಕಾಯಿಲೆ.

ಇದೆಲ್ಲ ಲಿನಕ್ಸ್‌ನ ಹುಟ್ಟಿನೊಂದಿಗೇ ಬಂದ ಗೋಳು. 1991ರ ಆಗಸ್ಟ್ 25ರಂದು ಲಿನಸ್ ಟೊರ್ವಾಲ್ಡ್ಸ್ ಎಂಬ ಹೆಲ್ಸಿಂಕಿಯ ವಿದ್ಯಾರ್ಥಿ ತನ್ನ ಹವ್ಯಾಸದ ಆಪರೇಟಿಂಗ್ ಸಿಸ್ಟಮ್ ಬಗ್ಗೆ ಮೊದಲ ಬಾರಿಗೆ ಬರೆದಾಗಲೇ, ಎಟಿ ಹಾರ್ಡ್‌ಡಿಸ್ಕ್ ಬಿಟ್ಟು ಬೇರಾವುದನ್ನೂ ಇದು ಬಹುಶಃ ಎಂದಿಗೂ ಗುರುತಿಸಲಾರದು ಎಂದಿದ್ದ. ತನ್ನ ಹತ್ತಿರ ಇದ್ದದ್ದು ಅದೊಂದೇ ಎಂಬುದು ಅವನು ಕೊಟ್ಟ ಕಾರಣ. ಮರುವರ್ಷವೇ ಬೇರೆಯವರು ಸ್ಕಸಿ ಸೇರಿಸಿದರು. ಅಂದಿನಿಂದ ಇಂದಿನವರೆಗೆ ಕರ್ನಲ್ ದಪ್ಪಗಾಗಿರುವುದರಲ್ಲಿ ದೊಡ್ಡ ಪಾಲು ಹೀಗೆ ಯಾರೋ ತಮ್ಮ ಹತ್ತಿರವಿದ್ದ ಕಾರ್ಡನ್ನು ಗುರುತಿಸಲು ಬರೆದುಕೊಟ್ಟ ಡ್ರೈವರುಗಳದೇ.

ವಿಂಡೋಸ್‌ನವರು ನಗಬೇಕಾಗಿಲ್ಲ. ಎಕ್ಸ್‌ಪಿ ಕಾಲದಲ್ಲಿ ಅಂಗಡಿ ಇಟ್ಟಿದ್ದವರನ್ನು ಕೇಳಿ. ಸಾಟಾ ಡಿಸ್ಕಿನ ಹೊಸ ಮಶಿನ್ ಬಂದರೆ ನೀಲಿ ಪರದೆಯಲ್ಲಿ ‘7ಬಿ’ ಎಂಬ ಕೋಡ್. ಇನ್‌ಸ್ಟಾಲ್ ಮಾಡುವಾಗ ಎಫ್6 ಒತ್ತಿ ಡ್ರೈವರ್ ತುಂಬಿದ ಫ್ಲಾಪಿ ಹಾಕಬೇಕಿತ್ತು, ಫ್ಲಾಪಿ ಡ್ರೈವೇ ಇಲ್ಲದ ಮಶಿನ್ನಿಗೂ. ಹೆಸರು ಬದಲಾಗಿರಬಹುದು, ರೋಗ ಇದೇ.

ನಮ್ಮ ಸೀಮೆಯವರಿಗೆ ಇದನ್ನು ನಾಲೆಯ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಗೊರೂರಿನ ಹೇಮಾವತಿ ಅಣೆಕಟ್ಟಿನಿಂದ ಹೊರಟ ನೀರು ಗುಬ್ಬಿ ಸೀಮೆ ಹಾದು, ತುಮಕೂರಿಗೆ ಕುಡಿಯುವ ನೀರು ಕೊಡುವ ಬುಗುಡನಹಳ್ಳಿ ಕೆರೆಗೆ ಬಂದು, ಕುಣಿಗಲ್ ಕಡೆಗೂ ಹೋಗಬೇಕು. ಕುಣಿಗಲ್ಲಿನವರು ನಾಲೆಯ ಕೊನೆಯವರು. ಕೆರೆಗೆ ನೀರು ಬರಲಿಲ್ಲವೆಂದು ಏರಿ ಮೇಲೆ ಕೂತು ಕೆರೆಯನ್ನು ಬೈದರೆ ಬರುತ್ತದೆಯೇ? ನೀರುಗಂಟಿ ಗುದ್ದಲಿ ಹೆಗಲಿಗೇರಿಸಿ ಮೇಲಿನಿಂದ ನಡೆಯುತ್ತಾನೆ. ಈ ತೂಬಿನ ತನಕ ನೀರಿದೆ, ಮುಂದಿನದಕ್ಕಿಲ್ಲ ಎಂದಾದರೆ ಕಟ್ಟಿಕೊಂಡದ್ದು ಆ ಎರಡರ ನಡುವೆ. ಅವನು ಎಲ್ಲ ತೂಬನ್ನೂ ಒಟ್ಟಿಗೆ ತಿರುವುವುದಿಲ್ಲ. ಕರ್ನಲ್ ಕಟ್ಟುವ ಹುಡುಗರು ತಿರುವುತ್ತಾರೆ. ಐದು ಸೆಟ್ಟಿಂಗ್ ಒಮ್ಮೆಗೇ ಬದಲಿಸಿ, ಮತ್ತೆ ಕಂಪೈಲ್ ಮಾಡಿ, ಬೂಟ್ ಆದರೆ ಯಾವುದರಿಂದ ಆಯಿತೆಂದು ತಿಳಿಯದೆ, ಆಗದಿದ್ದರೆ ಯಾವುದರಿಂದ ಕೆಟ್ಟಿತೆಂದೂ ತಿಳಿಯದೆ ಕೂರುತ್ತಾರೆ.

ಕರ್ನಲ್‌ನ ನಾಲೆಯಲ್ಲಿ ಮೊದಲ ತೂಬು ಪಿಸಿಐ ಬಸ್ಸು, ಅಂದರೆ ಕಾರ್ಡುಗಳು ಮದರ್‌ಬೋರ್ಡಿಗೆ ಸೇರುವ ದಾರಿ. ಅದರ ಮೇಲೆ ಕೂತ ಪ್ರತಿಯೊಂದು ಸಾಧನದ ತಲೆಬಾಗಿಲಿನಲ್ಲಿ ಎರಡು ಸಂಖ್ಯೆ ಕೆತ್ತಿರುತ್ತದೆ. ಒಂದು ಮಾಡಿದವರದು, ಇನ್ನೊಂದು ಮಾದರಿಯದು. ಇಂಟೆಲ್‌ನ ಸಂಖ್ಯೆ 8086. 1978ರ ತನ್ನ ಹೆಸರಾಂತ ಚಿಪ್ಪಿನ ಹೆಸರನ್ನೇ ಅದು ಗುರುತಾಗಿ ಇಟ್ಟುಕೊಂಡಿದೆ, ಎಂಜಿನಿಯರುಗಳಿಗೂ ಕುಲಾಭಿಮಾನ ಇರುತ್ತದೆ. ಅಡಾಪ್ಟೆಕ್ 9004, ಎಲ್‌ಎಸ್‌ಐ ಲಾಜಿಕ್ 1000. ಸ್ಲಾಟು ಖಾಲಿಯಿದ್ದರೆ ಓದಿದಾಗ ಬರೀ ಎಫ್‌ಎಫ್‌ಎಫ್‌ಎಫ್ ಬರುತ್ತದೆ. ಈ ಸಂಖ್ಯೆ ಓದಲು ಕರ್ನಲ್‌ಗೆ ಯಾವ ವಿಶೇಷ ಡ್ರೈವರೂ ಬೇಡ. ಹಾಗಾಗಿ ಗುರುತಿಸದ ಅಡಾಪ್ಟರ್ ಕೂಡ ಕರ್ನಲ್‌ನ ಕಣ್ಣಿಗೆ ಬಿದ್ದೇ ಇರುತ್ತದೆ. ಜಾತ್ರೆಯಲ್ಲಿ ಎದುರಾದವನ ಮುಖ ಕಂಡು ಹೆಸರು ಹೊಳೆಯದಿದ್ದ ಹಾಗೆ. ಪ್ರತಿ ಡ್ರೈವರೂ ತಾನು ಬಲ್ಲ ಸಂಖ್ಯೆಗಳ ಪಟ್ಟಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಬರುತ್ತದೆ. ಸಂಖ್ಯೆ ತಾಳೆಯಾದರೆ ‘ಇವನು ನನ್ನವನು’ ಎಂದು ಕೈ ಹಿಡಿಯುತ್ತದೆ. ಯಾರ ಪಟ್ಟಿಯಲ್ಲೂ ಇಲ್ಲದವನು ಹಾಗೇ ನಿಂತಿರುತ್ತಾನೆ, ಅವನ ಬೆನ್ನ ಹಿಂದಿನ ಡಿಸ್ಕು ಯಾರಿಗೂ ಕಾಣುವುದಿಲ್ಲ.

ಹಾಗಾಗಿ ನಾನು ಆ ರಾತ್ರಿ ಹುಡುಗನಿಗೆ ಹೇಳಿದ್ದು ಇಷ್ಟೇ: ಹಳೆಯ ಕರ್ನಲ್‌ನಲ್ಲಿ ಬೂಟ್ ಮಾಡು. ಹಳೆಯದು ಇದೆ ತಾನೆ? ಪುಣ್ಯಕ್ಕೆ ಇತ್ತು. ಅದರಲ್ಲಿ ಎಲ್‌ಎಸ್‌ಪಿಸಿಐ ಎಂಬ ಆಜ್ಞೆಗೆ ‘ಎನ್‌ಎನ್‌ಕೆ’ ಎಂಬ ಬಾಲ ಹಚ್ಚಿ ಓಡಿಸಿದರೆ ಸಾಧನದ ಹೆಸರು, ಅದರ ಜೋಡಿ ಸಂಖ್ಯೆ, ಈಗ ಅದನ್ನು ಯಾವ ಡ್ರೈವರ್ ಹಿಡಿದುಕೊಂಡಿದೆ ಎಂಬುದು ಮೂರೂ ಬರುತ್ತವೆ. ಕೆಲಸ ಮಾಡುತ್ತಿರುವ ಕರ್ನಲ್‌ನ ಬಾಯಿಂದಲೇ ಉತ್ತರ ಹೇಳಿಸುವ ಈ ಉಪಾಯಕ್ಕಿಂತ ದೊಡ್ಡ ವಿದ್ಯೆ ಈ ಕಸುಬಿನಲ್ಲಿ ಇನ್ನೊಂದಿಲ್ಲ.

ಹುಡುಗ ವಾದಕ್ಕೆ ಬಂದ. ‘ನಂದು ಎನ್‌ವಿಎಮ್‌ಇ ಡಿಸ್ಕು ಸಾರ್. ಎನ್‌ವಿಎಮ್‌ಇಗೆ ವೈ ಕೊಟ್ಟಿದ್ದೀನಿ. ಎಮ್ ಅಲ್ಲ, ವೈ. ಎರಡು ಸಲ ನೋಡಿದ್ದೀನಿ.’ ಕೊಟ್ಟಿದ್ದ, ನಿಜ. ಐದು ನಿಮಿಷಕ್ಕೆ ಎರಡನೆಯ ಫೋಟೊ ಬಂತು. ಅದರಲ್ಲಿ ಡಿಸ್ಕಿನ ಸಾಲು ಹೀಗೆ ಶುರುವಾಗಿತ್ತು: 10000:ಇ1:00.0.

ಆ 10000 ನೋಡಿದ ಕೂಡಲೇ ಕಳ್ಳ ಸಿಕ್ಕಿದ. ಸಾಮಾನ್ಯ ಕಂಪ್ಯೂಟರಿನಲ್ಲಿ ಪಿಸಿಐ ವಿಳಾಸ 0000 ಎಂದು ಶುರುವಾಗುತ್ತದೆ. ಐದಂಕಿಯ ವಿಳಾಸ ಬಂದಿದೆಯೆಂದರೆ ಡಿಸ್ಕು ಊರ ಬೀದಿಯಲ್ಲಿ ಇಲ್ಲ, ಯಾರದೋ ಹಿತ್ತಿಲಿನಲ್ಲಿದೆ. ಆ ಹಿತ್ತಿಲಿನ ಯಜಮಾನನ ಸಾಲು ಸ್ವಲ್ಪ ಮೇಲೆಯೇ ಇತ್ತು: 0000:00:0ಇ.0, ರೇಡ್ ಬಸ್ ಕಂಟ್ರೋಲರ್, 8086:9ಎ0ಬಿ, ಹಿಡಿದಿರುವ ಡ್ರೈವರ್ ವಿಎಮ್‌ಡಿ. ಇಂಟೆಲ್‌ನ ವಾಲ್ಯೂಮ್ ಮ್ಯಾನೇಜ್‌ಮೆಂಟ್ ಡಿವೈಸ್. ಸರ್ವರುಗಳಲ್ಲಿ ಹತ್ತಾರು ಡಿಸ್ಕುಗಳನ್ನು ಒಬ್ಬ ಮೇಸ್ತ್ರಿಯ ಕೈಕೆಳಗೆ ಇಡಲು ಮಾಡಿದ ಏರ್ಪಾಡಿದು. 11ನೆಯ ಪೀಳಿಗೆಯ ಪ್ರೊಸೆಸರುಗಳೊಂದಿಗೆ ಲ್ಯಾಪ್‌ಟಾಪುಗಳಿಗೂ ಬಂತು, ಹಲವು ಮಾದರಿಗಳು ಅಂಗಡಿಯಿಂದ ಬರುವಾಗಲೇ ಅದು ಚಾಲೂ ಇರುತ್ತದೆ. ವಿಎಮ್‌ಡಿ ಡ್ರೈವರ್ ಎದ್ದು ಬಾಗಿಲು ತೆರೆಯುವವರೆಗೆ ಅದರ ಹಿಂದಿನ ಎನ್‌ವಿಎಮ್‌ಇ ಡಿಸ್ಕು ಬಸ್ಸಿನ ಮೇಲೆ ಇದೆಯೆಂಬುದೇ ಗೊತ್ತಾಗುವುದಿಲ್ಲ. ಹುಡುಗನ ಎನ್‌ವಿಎಮ್‌ಇ ಡ್ರೈವರ್ ಸರಿಯಾಗಿಯೇ ಇತ್ತು, ಹೊರಬಾಗಿಲು ತೆಗೆಯುವವರಿಲ್ಲದೆ ಬೀದಿಯಲ್ಲಿ ಕಾಯುತ್ತ ನಿಂತಿತ್ತು. ಹೊಸ ಲ್ಯಾಪ್‌ಟಾಪಿಗೆ ವಿಂಡೋಸ್ ಹಾಕಲು ಹೋದಾಗ ಡಿಸ್ಕೇ ಇಲ್ಲ ಎಂದು ಬಂದು, ಅಂಗಡಿಗೆ ಹೊತ್ತುಕೊಂಡು ಹೋದವರು ಈ ಲೇಖನ ಓದುತ್ತಿದ್ದರೆ, ನಿಮಗೆ ಆದದ್ದೂ ಬಹುತೇಕ ಇದೇ.

ಹುಡುಗನಿಗೆ ಯಾರೋ ಬಯೋಸ್‌ಗೆ ಹೋಗಿ ವಿಎಮ್‌ಡಿ ಆಫ್ ಮಾಡಿಬಿಡು ಎಂದಿದ್ದರಂತೆ. ಅದೂ ಒಂದು ದಾರಿಯೇ, ಬರೀ ಲಿನಕ್ಸ್ ಇರುವ ಮಶಿನ್ನಿಗೆ. ಅದೇ ಡಿಸ್ಕಿನಲ್ಲಿ ಅಪ್ಪ ಲೆಕ್ಕ ಬರೆಯುವ ವಿಂಡೋಸ್ ಇದ್ದರೆ ಮರುದಿನ ಬೆಳಗ್ಗೆ ಅದು ‘ಇನಾಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ಮಲಗುವ ಅಪಾಯವಿದೆ. ಒಂದು ಕಡೆಯ ಗುರುತನ್ನು ಸರಿಮಾಡಲು ಹೋಗಿ ಇನ್ನೊಂದು ಕಡೆಯದನ್ನು ಅಳಿಸಿದಂತೆ.

ಇನ್ನು ವಿಎಮ್‌ಡಿಗೆ ‘ವೈ’ ಕೊಡೋಣವೆಂದರೆ ಅದು ಮೆನುವಿನಲ್ಲಿ ಎಲ್ಲಿದೆ? ಸ್ಕಸಿಯಲ್ಲಿಲ್ಲ, ಸಾಟಾದಲ್ಲಿಲ್ಲ, ಎನ್‌ವಿಎಮ್‌ಇಯಲ್ಲೂ ಇಲ್ಲ. ಪಿಸಿಐ ಬೆಂಬಲದ ಒಳಗೆ, ಪಿಸಿಐ ಕಂಟ್ರೋಲರ್ ಡ್ರೈವರುಗಳ ನಡುವೆ ಕೂತಿದೆ. ಕರ್ನಲ್‌ನ ಮೆನು ಬರೆದವರು ಸಾಧನಗಳನ್ನು ಅವುಗಳ ಕೆಲಸ ನೋಡಿ ಜೋಡಿಸಲಿಲ್ಲ, ಕೋಡು ಯಾವ ಓಣಿಯಲ್ಲಿದೆಯೆಂದು ನೋಡಿ ಜೋಡಿಸಿದರು. ಇದರಿಂದ ಬಳಲಿದವರು ಒಬ್ಬಿಬ್ಬರಲ್ಲ. ವಿಎಮ್‌ವೇರ್‌ನಲ್ಲಿ ಲಿನಕ್ಸ್ ಓಡಿಸಿದರೆ ಅದು ತೋರಿಸುವ ಡಿಸ್ಕ್ ಅಡಾಪ್ಟರ್ ಹಲವು ಸಲ ಎಲ್‌ಎಸ್‌ಐ ಲಾಜಿಕ್‌ನದು, 1000:0030. ಸ್ಕಸಿ ಅಡಾಪ್ಟರುಗಳ ಉದ್ದದ ಪಟ್ಟಿಯಲ್ಲಿ ಎಲ್‌ಎಸ್‌ಐ ಎಂದು ಕಂಡದ್ದಕ್ಕೆಲ್ಲ ‘ವೈ’ ಕೊಟ್ಟರೂ ಅದು ಏಳುವುದಿಲ್ಲ. ಯಾಕೆಂದರೆ ಅದರ ಡ್ರೈವರ್ ಆ ಪಟ್ಟಿಯಲ್ಲೇ ಇಲ್ಲ, ‘ಫ್ಯೂಷನ್ ಎಂಪಿಟಿ’ ಎಂಬ ಬೇರೆಯದೇ ಬಾಗಿಲಿನ ಹಿಂದೆ ಇದೆ. ನಮ್ಮ ಅಡಾಪ್ಟೆಕ್ 2940 ಕೂಡ ಮೆನುವಿನಲ್ಲಿ 2940 ಎಂದಿರಲಿಲ್ಲ, ‘ಎಐಸಿ7ಎಕ್ಸ್‌ಎಕ್ಸ್‌ಎಕ್ಸ್’ ಎಂದಿತ್ತು. ಕಾರ್ಡಿನ ಪೆಟ್ಟಿಗೆ ಮೇಲೆ ವ್ಯಾಪಾರದ ಹೆಸರು, ಕರ್ನಲ್‌ನಲ್ಲಿ ಚಿಪ್ಪಿನ ಹೆಸರು. ಆದ್ದರಿಂದ ಹೆಸರು ಹಿಡಿದು ಹುಡುಕಲೇಬೇಡಿ. ಓಡುತ್ತಿರುವ ಕರ್ನಲ್ ಹೇಳಿದ ಡ್ರೈವರ್ ಹೆಸರನ್ನು ಹಿಡಿಯಿರಿ. ಮೆನುವಿನಲ್ಲಿ ಓರೆಗೆರೆಯ ಕೀಲಿ ಒತ್ತಿ ಆ ಹೆಸರು ಬರೆದರೆ ಅದು ಯಾವ ಓಣಿಯ ಎಷ್ಟನೇ ಮನೆ ಎಂದು ಅದೇ ತೋರಿಸುತ್ತದೆ.

ಇಷ್ಟೂ ತಾಪತ್ರಯ ಬೇಡವೆನ್ನುವವರಿಗೆ 2009ರ 2.6.32ರಿಂದ ಒಂದು ಸೌಕರ್ಯವಿದೆ: ಮೇಕ್ ಲೋಕಲ್‌ಮಾಡ್‌ಕಾನ್ಫಿಗ್. ಈ ಗಳಿಗೆಯಲ್ಲಿ ಯಾವ ಯಾವ ಮಾಡ್ಯೂಲ್ ಎದ್ದಿವೆಯೋ ಅಷ್ಟನ್ನೇ ಇಟ್ಟುಕೊಂಡು ಉಳಿದ ಮಾಡ್ಯೂಲುಗಳನ್ನು ಕೈಬಿಡುತ್ತದೆ. ಗುಬ್ಬಿಯ ಹುಡುಗ ಮೂರು ರಾತ್ರಿ ಕೂತು ಮಾಡಿದ್ದನ್ನು ಇದು ಅವನಿಗಿಂತ ಚೆನ್ನಾಗಿ ಅರೆ ನಿಮಿಷದಲ್ಲಿ ಮಾಡುತ್ತಿತ್ತು. ಆ ಗಳಿಗೆಯಲ್ಲಿ ಚುಚ್ಚಿರದ ಪೆನ್‌ಡ್ರೈವು, ಪ್ರಿಂಟರು ಮುಂದೆ ಅನಾಥವಾಗುತ್ತವೆ, ಅದೊಂದು ನೆನಪಿರಲಿ.

ಫೆಡೋರಾದಂಥ ಲಿನಕ್ಸ್ ಹಂಚಿಕೆಯವರು (ಡಿಸ್ಟ್ರಿಬ್ಯೂಷನ್) ಕೊಡುವ ಸಿದ್ಧ ಕರ್ನಲ್‌ಗೆ ಇಂಥ ಕಷ್ಟ ಯಾಕಿಲ್ಲ? ಅದರಲ್ಲೂ ಹೆಚ್ಚಿನ ಡ್ರೈವರುಗಳು ‘ಎಮ್’ ಆಗಿಯೇ ಇರುತ್ತವೆ, ಬೀರುವಿನೊಳಗಿನ ಕೀಲಿಯೇ. ಅಲ್ಲಿ ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ಗಂಟೊಂದು ಕರ್ನಲ್‌ನ ಜೊತೆಯಲ್ಲೇ ಮೆಮೊರಿಗೆ ಬಂದು ಬಿಚ್ಚಿಕೊಳ್ಳುತ್ತದೆ. ಅದರೊಳಗೆ ಬೇಕಾದ ಡ್ರೈವರುಗಳಿರುತ್ತವೆ. ಗುಬ್ಬಿಯ ಮಾತು ಬಂದಿದೆಯಾದ್ದರಿಂದ ಹೇಳುತ್ತೇನೆ: 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತರುತ್ತಿತ್ತು. ಪರದೆ ಎದ್ದಾಗ ಆನೆ ನಿಂತಿರಬೇಕಾದರೆ ಪರದೆಯ ಹಿಂದೆ ಯಾರೋ ಅದನ್ನು ಮೊದಲೇ ತಂದು ನಿಲ್ಲಿಸಿರಬೇಕು. ಇನಿಟ್‌ರಾಮ್‌ಎಫ್‌ಎಸ್ ಆ ಪರದೆ ಹಿಂದಿನವರ ಕೆಲಸ ಮಾಡುತ್ತದೆ. ಡ್ರೈವರ್ ಎಬ್ಬಿಸಿ, ಡಿಸ್ಕು ಹುಡುಕಿ, ನಿಜವಾದ ರೂಟ್ ಫೈಲ್‌ಸಿಸ್ಟಮ್ಮನ್ನು ಮುಂದಕ್ಕೆ ತಂದು, ತನ್ನ ಸಾಮಾನನ್ನೆಲ್ಲ ಅಳಿಸಿಕೊಂಡು ರಂಗ ಬಿಡುತ್ತದೆ. ಯುಯುಐಡಿ ಎಂಬ ಉದ್ದದ ಗುರುತನ್ನು ಓದಿ ಡಿಸ್ಕು ಪತ್ತೆ ಮಾಡುವುದೂ ಅದರದೇ ಕೆಲಸ. ಅದನ್ನು ಕೈಬಿಟ್ಟು ಬರೀ ಕರ್ನಲ್ ಬೂಟ್ ಮಾಡುವವರು ರೂಟ್ ವಿಳಾಸದಲ್ಲಿ ಯುಯುಐಡಿ ಬರೆದರೆ ಎಲ್ಲ ಡ್ರೈವರ್ ಇದ್ದರೂ ಮತ್ತೆ ಅದೇ (0,0). ಕರ್ನಲ್‌ಗೆ ಒಂಟಿಯಾಗಿ ಅರ್ಥವಾಗುವುದು ಡಿಸ್ಕಿನ ನೇರ ಹೆಸರು, ಪಾರ್ಟ್‌ಯುಯುಐಡಿಯಂಥ ಕೆಲವೇ ಗುರುತುಗಳು.

ಈ ಗಂಟು ಕೈಕೊಡುವ ಸಂದರ್ಭವೂ ಒಂದಿದೆ. ಎರಡು ವರ್ಷದ ಹಿಂದೆ ಕುಣಿಗಲ್ಲಿನ ಪರಿಚಯದವರೊಬ್ಬರ ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರಿನ ಮದರ್‌ಬೋರ್ಡ್ ಸಿಡಿಲಿಗೆ ಸುಟ್ಟಿತು. ಡಿಸ್ಕು ಉಳಿದಿತ್ತು. ಬೇರೊಂದು ಹಳೆಯ ಮಶಿನ್ನಿಗೆ ಹಾಕಿದರು. ಫೆಡೋರಾ ಅರ್ಧ ಎದ್ದು, ಡ್ರಾಕಟ್ ಎಂಬ ತುರ್ತು ಕಿಂಡಿಗೆ ಬಂದು ನಿಂತಿತು. ಅವರಂತೂ ಮೂರು ವರ್ಷದ ಲೆಕ್ಕ ಹೋಯಿತೆಂದೇ ಕೂತಿದ್ದರು. ಫೆಡೋರಾದ ಗಂಟು ಜಾಗ ಉಳಿಸಲೆಂದು ತಾನಿರುವ ಮಶಿನ್ನಿಗೆ ಬೇಕಾದ ಡ್ರೈವರುಗಳನ್ನಷ್ಟೇ ಕಟ್ಟಿಕೊಳ್ಳುತ್ತದೆ. ಹೊಸ ಮಶಿನ್ನಿನ ಅಡಾಪ್ಟರ್ ಬೇರೆ, ಅದರ ಕೀಲಿ ಗಂಟಿನಲ್ಲಿಲ್ಲ. ಬೂಟ್ ಮೆನುವಿನ ಕೊನೆಯಲ್ಲಿ ‘ರೆಸ್ಕ್ಯೂ’ ಎಂಬ ಸಾಲಿರುತ್ತದೆ, ಎಲ್ಲ ಡ್ರೈವರುಗಳನ್ನೂ ತುಂಬಿಟ್ಟ ದೊಡ್ಡ ಗಂಟು ಅದರದು. ಅದನ್ನು ಆರಿಸಿದೆ, ಎದ್ದಿತು. ಗಂಟನ್ನು ಹೊಸದಾಗಿ ಕಟ್ಟಿಸಿ, ಒಂದು ಲೋಟ ಮಜ್ಜಿಗೆ ಕುಡಿದು, ನಾಲ್ಕೂವರೆ ಬಸ್ಸಿಗೆ ತುಮಕೂರಿಗೆ ಹೊರಟೆ.

ತೂಬುಗಳಲ್ಲಿ ಉಳಿದವನ್ನು ಬೇಗ ದಾಟೋಣ. ಎಲ್‌ಎಸ್‌ಪಿಸಿಐ ಪಟ್ಟಿಯಲ್ಲೇ ಅಡಾಪ್ಟರ್ ಇಲ್ಲವೆಂದಾದರೆ ಆಗ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಿ, ಅದಕ್ಕೆ ಮೊದಲು ಬೇಡ. ಯುಎಸ್‌ಬಿ ಡಿಸ್ಕಿನಿಂದ, ರಾಸ್ಪ್‌ಬೆರಿ ಪೈನ ಮೆಮೊರಿ ಕಾರ್ಡಿನಿಂದ ಬೂಟ್ ಮಾಡುವವರ ತೊಂದರೆ ಹಲವು ಸಲ ಬರೀ ಅವಸರ. ಡಿಸ್ಕು ಕಣ್ಣುಜ್ಜಿಕೊಳ್ಳುವ ಮೊದಲೇ ಕರ್ನಲ್ ಹುಡುಕಿ ಸೋತಿರುತ್ತದೆ. ‘ರೂಟ್‌ವೇಟ್’ ಎಂಬ ಒಂದು ಪದ ಸೇರಿಸಿದರೆ ಕಾಯುತ್ತದೆ.

ಗುಬ್ಬಿಯ ಹುಡುಗ ವಿಎಮ್‌ಡಿಗೆ ‘ವೈ’ ಕೊಟ್ಟು ಮತ್ತೆ ಕಟ್ಟಿದ. ಮೇಕ್ ಬದಲಾದದ್ದನ್ನು ಮಾತ್ರ ಕಟ್ಟುತ್ತದಾದ್ದರಿಂದ ಐದೇ ನಿಮಿಷ. ಮೂರನೆಯ ಫೋಟೊ ಬಂತು. ಮತ್ತೆ ಪ್ಯಾನಿಕ್. ‘ಅದೇ ಎರರ್ ಸಾರ್’ ಎಂದು ಅಳುಮೋರೆ. ಅದೇ ಆಗಿರಲಿಲ್ಲ. ಕಂಸದೊಳಗೆ ಈ ಸಲ 259,5 ಇತ್ತು. ಡಿಸ್ಕು ಸಿಕ್ಕಿದೆ, ಖುಷಿಪಡು ಎಂದೆ. ಅವನ ಫೆಡೋರಾ ಕೂತಿದ್ದುದು ಬಿಟಿಆರ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ಮಿನ ಮೇಲೆ, 2020ರಿಂದ ಅದರಲ್ಲಿ ಅದೇ ರೂಢಿ. ಇವನಿಗೆ ಗೊತ್ತಿದ್ದದ್ದು ಇಎಕ್ಸ್‌ಟಿ4 ಒಂದೇ, ಬಿಟಿಆರ್‌ಎಫ್‌ಎಸ್‌ಗೂ ‘ಎನ್’ ಒತ್ತಿದ್ದ. ಅದಕ್ಕೂ ‘ವೈ’ ಕೊಟ್ಟ ಮೇಲೆ, ಹನ್ನೆರಡೂ ಕಾಲಿಗೆ ಲಾಗಿನ್ ಪರದೆಯ ಫೋಟೊ ಬಂತು. ಮೋಟಾರು ಮರುವಾರ ತಿರುಗಿತಂತೆ.

ಇಂಥ ಫೋಟೊಗಳು ನನಗೆ ಇನ್ನೂ ಬರುತ್ತಲೇ ಇವೆ, ಬರಲಿ. ಒಂದೇ ಕೋರಿಕೆ: ಪ್ಯಾನಿಕ್ ಎಂದಿರುವ ಕೊನೆಯ ಸಾಲನ್ನು ಮಾತ್ರ ತೆಗೆಯಬೇಡಿ. ಅದರ ಮೇಲೆ ‘ಸಿಕ್ಕಿರುವ ಪಾರ್ಟಿಷನ್‌ಗಳು ಇವು’ ಎಂದು ಕರ್ನಲ್ ಒಂದು ಪಟ್ಟಿ ಬರೆದಿರುತ್ತದೆ. ಪಟ್ಟಿ ಖಾಲಿಯಿದ್ದರೆ ಖಾಲಿ ಜಾಗದ ಫೋಟೊವನ್ನೇ ಕಳಿಸಿ. ಟ್ಯೂಬ್‌ಲೈಟ್ ಆರಿಸಿ ತೆಗೆಯಿರಿ.